ಬೋರರ್ ಬಾಯಿಂದ ಏಳು ಎಕರೆ ಅರೇಬಿಕಾ ಕಾಫಿ ಉಳಿಸಿಕೊಂಡೆ

"ಅರೇಬಿಕಾ ಕಿತ್ತು ಹಾಕಿ ಮಾರಾಯ್ರೇ, ರೋಬಸ್ಟಾ ಹಾಕಿ ನೆಮ್ಮದಿಯಾಗಿರಿ." 2019ರಲ್ಲಿ ನನಗೆ ಹೀಗೆ ಹೇಳದವರು ಊರಲ್ಲಿ ಯಾರೂ ಇರಲಿಲ್ಲ. ಅವರ ಮಾತೇನು ಸುಳ್ಳಲ್ಲ, ಹುಳವಾಗಿದ್ದಾಗ ಕಾಂಡ ಕೊರೆದು ಗಿಡ ಕೊಲ್ಲುವ ದುಂಬಿ, ಬಿಳಿ ಕಾಂಡಕೊರಕದ (ಬೋರರ್) ಕಾಟ ರೋಬಸ್ಟಾಕ್ಕೆ ಇಲ್ಲ. ಆದರೆ ನಮ್ಮ ತೋಟ ಇರುವುದು ಮೂಡಿಗೆರೆ ಕಡೆಯ ಎತ್ತರದ ಜಾಗದಲ್ಲಿ. ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುವಷ್ಟು ನೀರು ಫೆಬ್ರವರಿಯಲ್ಲಿ ಕೆರೆಯಲ್ಲಿ ಉಳಿಯುವುದಿಲ್ಲ. ಅರೇಬಿಕಾನೇ ಉಳಿಸಿಕೊಳ್ಳಬೇಕಿತ್ತು.

ಏಳು ಎಕರೆಯಲ್ಲಿ ಹತ್ತಿರ ಹತ್ತಿರ 8,000 ಗಿಡ. ಹೆಚ್ಚಿನದು ಸೆಲೆಕ್ಷನ್ 795 ತಳಿ, ರಸ್ತೆ ಕಡೆ ಒಂದು ಪಟ್ಟೆ ಚಂದ್ರಗಿರಿ ತಳಿ. 2018ರಲ್ಲಿ 900 ಗಿಡ ಕಿತ್ತೆ, ಮರು ವರ್ಷ 1,100. ಒಂದು ಗಿಡ ಹೋದರೆ ಗುಂಡಿ, ಸಸಿ, ಗೊಬ್ಬರ, ಕಳೆ ಎಲ್ಲ ಸೇರಿ ನೂರು ರೂಪಾಯಿ ಹತ್ತಿರ ಖರ್ಚು. ಫಸಲು ಕಾಣಲು ನಾಲ್ಕು ವರ್ಷ ಕಾಯಬೇಕು. ಆಗ 50 ಕೆಜಿ ಚೀಲಕ್ಕೆ ಸಿಗುತ್ತಿದ್ದದ್ದು ಏಳು, ಏಳೂವರೆ ಸಾವಿರ.

ಮೂಲ ತಪ್ಪು ನನ್ನದೇ. 2016ರಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಜಾಸ್ತಿ ಮಾಡಿಸಿದೆ. ಸಿಲ್ವರ್ ಓಕ್ ಮಾರಿ ಎರಡೂವರೆ ಲಕ್ಷ ಬಂತು. ಪಡುವಣ ಇಳಿಜಾರಿಗೆ ಬಿಸಿಲು ಬಿತ್ತು. ಈ ದುಂಬಿಗೆ ಬೇಕಾಗಿದ್ದೂ ಅದೇ ಅಲ್ವಾ? ಮೂರು ವರ್ಷದಲ್ಲಿ ಮರ ಮಾರಿದ ದುಡ್ಡಿಗಿಂತ ಜಾಸ್ತಿ ಕಳೆದುಕೊಂಡೆ.

ಮೊದಲು ಔಷಧಿಗೆ ಸುರಿದೆ, ವರ್ಷಕ್ಕೆ 40 ಸಾವಿರದಷ್ಟು. ಹುಳ ಒಳಗೆ ಹೊಕ್ಕ ಮೇಲೆ ಔಷಧಿ ತಲುಪುವುದೇ ಇಲ್ಲ. ಒಂದು ಕಾಂಡ ಸೀಳಿ ನೋಡಿ. ಹುಳ ಕೊರೆದ ದಾರಿಯನ್ನು ತನ್ನದೇ ಹಿಟ್ಟಿನಿಂದ ಹಿಂದೆಯೇ ಗಟ್ಟಿಯಾಗಿ ತುಂಬುತ್ತಾ ಹೋಗಿರುತ್ತದೆ, ಉಗುರಿನಲ್ಲಿ ಕೆದಕಿದರೂ ಬರುವುದಿಲ್ಲ. ತುದಿಯಲ್ಲಿ ಹಳದಿ ಬಿಳುಪಿನ ಹುಳ, ತಲೆ ಕಡೆ ಅಗಲ, ಬಾಲದ ಕಡೆ ಸಣ್ಣ. ಕೆಲವು ಗಿಡಗಳಲ್ಲಿ ಬೇರಿಗೂ ಇಳಿದಿರುತ್ತದೆ. ಅದಕ್ಕೇ ನಾನು ಬೇರು ಸಮೇತ ಕೀಳಿಸುತ್ತೇನೆ.

ಆಮೇಲೆ ಟ್ರೇಸಿಂಗನ್ನು, ಅಂದರೆ ಹುಳ ಬಿದ್ದ ಗಿಡ ಹುಡುಕಿ ಕೀಳುವ ಕೆಲಸವನ್ನು, ಗಿಡದ ಲೆಕ್ಕದಲ್ಲಿ ಕೊಟ್ಟೆ. ಬೋರರ್ ಗಿಡ ಹುಡುಕಿ ಕಿತ್ತರೆ ಒಂದಕ್ಕೆ ಐದು ರೂಪಾಯಿ. ಎಲೆ ಹಳದಿಯಾದದ್ದೆಲ್ಲ ಬುಡ ಸಮೇತ ಹೊರಗೆ ಬಂತು! ಸಂಜೆ ರಾಶಿಯಿಂದ ಇಪ್ಪತ್ತು ಸೀಳಿ ನೋಡಿದರೆ ಹುಳ ಇದ್ದದ್ದು ಹನ್ನೊಂದರಲ್ಲಿ. ಅವತ್ತೇ ಆ ಲೆಕ್ಕ ನಿಲ್ಲಿಸಿದೆ. ಈಗ ದಿನಗೂಲಿ, ನಾಲ್ಕೇ ಜನ, ಜೊತೆಗೆ ನಾನು. ಎಲೆ ನೋಡುವುದಿಲ್ಲ, ಬಗ್ಗಿ ಕಾಂಡ ನೋಡುತ್ತೇವೆ. ತೊಗಟೆ ಮೇಲೆ ನರ ಉಬ್ಬಿದ ಹಾಗೆ ಗೆರೆ ಎದ್ದಿದ್ದರೆ ಅದು ಹುಳದ್ದೇ. ಅನುಮಾನ ಬಂದರೆ ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ.

ದಾರಿ ತೋರಿಸಿದ್ದು ಒಂದು ಹಳೇ ಡ್ರಮ್ಮು. 2020ರ ಮಾರ್ಚ್‌ನಲ್ಲಿ ಕಿತ್ತ ಗಿಡಗಳ ಮೂವತ್ತು ಕೊರಡು ಅದರಲ್ಲಿ ನಿಲ್ಲಿಸಿ, ಬಾಯಿಗೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿ, ಕಣದ ಪಕ್ಕ ನೆರಳಲ್ಲಿ ಇಟ್ಟೆ. "ಸತ್ತ ಗಿಡ ಸಾಕ್ತೀರಾ?" ಎಂದು ಪಕ್ಕದ ತೋಟದವರು ಕೇಳಿದರು. ವಾರಕ್ಕೆ ಎರಡು ಕೊರಡು ಸೀಳಿ ನೋಡುತ್ತಿದ್ದೆ. ಒಳಗಿನ ಬಿಳಿ ಕೋಶ (ಹುಳ ದುಂಬಿಯಾಗುವ ಮುಂಚಿನ ಪ್ಯೂಪಾ) ಕಪ್ಪಾಗತೊಡಗಿದರೆ ಹತ್ತು ಹನ್ನೆರಡು ದಿನದಲ್ಲಿ ದುಂಬಿ ಪರದೆಗೆ ಬಂದು ಕೂರುತ್ತದೆ. ನಮ್ಮ ತೋಟದಲ್ಲಿ ಈ ದಿನ ವರ್ಷದಿಂದ ವರ್ಷಕ್ಕೆ ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತದೆ. ದುಂಬಿಯ ಏಪ್ರಿಲ್-ಮೇ ಹಾರಾಟಕ್ಕೂ ಹಾಗೇ, ಅಕ್ಟೋಬರ್ ನಂತರದ್ದಕ್ಕೂ ಹಾಗೇ.

ದುಂಬಿ ಮೊಟ್ಟೆ ಇಡದ ಹಾಗೆ ಕಾಂಡಕ್ಕೆ ಸುಣ್ಣ ಎಲ್ಲರೂ ಹೊಡೆಯುತ್ತಾರೆ. ಬಹಳ ಜನ ಸೆಪ್ಟೆಂಬರಿನಲ್ಲೇ ಹೊಡೆದು ಮಳೆಗೆ ತೊಳೆಸಿಕೊಳ್ಳುತ್ತಾರೆ, ಆಮೇಲೆ ಸುಣ್ಣ ಸುಮ್ನೆ ದಂಡ ಅನ್ನುತ್ತಾರೆ. ನಾನು ಡ್ರಮ್ ನೋಡಿ ಹೊಡೆಸುತ್ತೇನೆ. ಅದಕ್ಕೂ ಮೊದಲು ನಾರಿನ ಕೈಗವಸು ಹಾಕಿ ಕಾಂಡ, ದಪ್ಪ ಕೊಂಬೆಗಳ ಒಣ ತೊಗಟೆ ಉಜ್ಜಿಸಬೇಕು. ಕತ್ತಿ ಬೇಡ, ಹಸಿ ತೊಗಟೆ ಗಾಯವಾಗುತ್ತದೆ. ಬಿರುಕಿಲ್ಲದ ಕಡೆ ಮೊಟ್ಟೆಗೆ ಜಾಗ ಸಿಗುವುದಿಲ್ಲ. 200 ಲೀಟರ್ ಬ್ಯಾರಲ್‌ಗೆ 20 ಕೆಜಿ ಸುಣ್ಣ, ಅಂಟಿಗೆ ಸ್ವಲ್ಪ ಫೆವಿಕಾಲ್. ಇನ್ನೊಂದು ಪದಾರ್ಥವನ್ನೂ ಸೇರಿಸುತ್ತೇನೆ, ಅದನ್ನು ಈಗಲೇ ಹೇಳುವುದಿಲ್ಲ. ಇನ್ನೆರಡು ಮಳೆಗಾಲ ನೋಡಿ ಹೇಳುತ್ತೇನೆ.

ಕಿತ್ತದ್ದನ್ನು ಅವತ್ತೇ ಸುಡುತ್ತೇನೆ. ಸೌದೆಗೆಂದು ಲೈನ್ ಮನೆ (ಆಳುಗಳ ಮನೆ) ಹಿಂದೆ ಪೇರಿಸಿಟ್ಟರೆ ದುಂಬಿ ಅಲ್ಲಿಂದಲೇ ಹಾರುತ್ತದೆ. ಒಂದು ಸಲ ಐವತ್ತು ಕೊರಡು ಕೆರೆಯಲ್ಲಿ ಮುಳುಗಿಸಿ, ಹತ್ತು ದಿನ ಬಿಟ್ಟು ಸೀಳಿದೆ. ಒಂದು ಹುಳವೂ ಬದುಕಿರಲಿಲ್ಲ. ನೀರು ಹತ್ತಿರ ಇರುವವರಿಗೆ ಇದು ಸುಲಭ. ವಾಸನೆಯಿಂದ ದುಂಬಿ ಸೆಳೆದು ಹಿಡಿಯುವ ಫೆರಮೋನ್ ಟ್ರ್ಯಾಪನ್ನೂ ಎಕರೆಗೆ ಹತ್ತರ ಹಾಗೆ ಎರಡು ವರ್ಷ ಕಟ್ಟಿದೆ. ಒಂದಿಷ್ಟು ಬಿದ್ದವು, ಹಾಕಿದ ದುಡ್ಡಿಗೆ ನನಗೆ ಸಮಾಧಾನ ಆಗಲಿಲ್ಲ. ಕಾಂಡಕ್ಕೆ ಹಳೇ ಸೀರೆ ಸುತ್ತಿ ನೋಡಿದೆ. ಒಳಗೆ ಇರುವೆ ಗೂಡು ಕಟ್ಟಿತು, ಬಿಚ್ಚಿಸಲು ಮತ್ತೆ ಆಳು ಬೇಕಾಯಿತು.

ಬಿಸಿಲು ಬಿದ್ದ ಇಳಿಜಾರಿಗೆ ಜೂನ್ ಮಳೆಯಲ್ಲಿ ನೆರಳಿಗೆಂದು ಹಾಲುವಾಣ ಮರದ ಗೂಟ ನೆಟ್ಟೆ, ನಡುವೆ ಅತ್ತಿ, ಹಲಸು. ಮೂರನೇ ವರ್ಷಕ್ಕೆ ನೆರಳು ಕೂಡಿತು. 2021ರಲ್ಲಿ 600 ಗಿಡ ಹೋದವು, 2022ರಲ್ಲಿ 250. 2024ರಲ್ಲಿ ವರ್ಷದ ಎರಡೂ ಟ್ರೇಸಿಂಗ್ ಸೇರಿ 70 ಚಿಲ್ಲರೆ. ಆಳು, ಸುಣ್ಣ ಎಲ್ಲ ಸೇರಿ ವರ್ಷಕ್ಕೆ 55 ಸಾವಿರ ಆಗುತ್ತದೆ. 2025ರ ಶುರುವಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಚೀಲಕ್ಕೆ 25 ಸಾವಿರ ದಾಟಿದಾಗ ನನ್ನ ಕಣದಲ್ಲಿ ಹಾಸಲು ಕಾಫಿ ಇತ್ತು. ಸತ್ತ ಗಿಡ ಸಾಕ್ತೀರಾ ಅಂದವರೇ ಈಗ ಮಾರ್ಚ್ ಕೊನೆಗೆ ಫೋನ್ ಮಾಡುತ್ತಾರೆ: "ಡ್ರಮ್ಮಲ್ಲಿ ಕಪ್ಪಾಯ್ತಾ?"

ಚಂದ್ರಗಿರಿ ಪಟ್ಟೆ ಮಾತ್ರ ಇನ್ನೂ ಸರಿ ಹೋಗಿಲ್ಲ. ರಸ್ತೆಯಾಚೆ ಪಾಳು ಬಿಟ್ಟ ತೋಟವಿದೆ, ಅಲ್ಲಿಂದ ದುಂಬಿ ಬರುತ್ತಲೇ ಇರುತ್ತದೆ. ವರ್ಷಕ್ಕೆ ಮೂವತ್ತು ಗಿಡ ಅಲ್ಲೇ ಹೋಗುತ್ತಿವೆ. ಈ ಜೂನ್‌ನಲ್ಲಿ ಬೇಲಿ ಉದ್ದಕ್ಕೂ ಹಾಲುವಾಣ ಎರಡು ಸಾಲು ಒತ್ತಾಗಿ ನೆಡಬೇಕು ಅಂತಿದ್ದೇನೆ. ಗೂಟ ಈಗಾಗಲೇ ಹೇಳಿಟ್ಟಾಗಿದೆ.