ಉಪ್ಪಿಗೆ ಸರಿಯಾದ ಪಾತ್ರೆ ಸಿಗುವವರೆಗೆ: ನನ್ನ ಹನ್ನೊಂದು ಮಳೆಗಾಲಗಳ ಅನುಭವ

ಧಾರವಾಡದಲ್ಲಿ ಪುಷ್ಯ ಮಳೆ ಹಿಡಿಯಿತೆಂದರೆ ಹದಿನಾಲ್ಕು ದಿನವೂ ಜಿಟಿಜಿಟಿ ಬಿಡುವುದಿಲ್ಲ ಎಂಬುದು ಇಲ್ಲಿ ಒಲೆ ಹಚ್ಚುವ ಎಲ್ಲರಿಗೂ ಗೊತ್ತು. ಈ ವರ್ಷ ಆ ಮಳೆ ಮುಗಿದ ದಿನ ನಮ್ಮ ಖಾನಾವಳಿಯ ಉಪ್ಪಿನ ಮರಿಗೆಯೊಳಗೆ, ಅಂದರೆ ಕಟ್ಟಿಗೆಯ ಪಾತ್ರೆಯೊಳಗೆ, ಕೈಯಿಟ್ಟಾಗ ಉಪ್ಪು ಬೆರಳ ಸಂದಿಯಿಂದ ಉಸುಕಿನಂತೆ ಸುರಿಯಿತು. ಒಂದು ಗಂಟೂ ಇರಲಿಲ್ಲ, ಅಂಗೈಗೆ ಪಸೆಯೂ ಹತ್ತಲಿಲ್ಲ. ಹೀಗೆ ಆದದ್ದು ಇದು ಸತತ ಮೂರನೆಯ ಮಳೆಗಾಲ. ಮೊದಲ ವರ್ಷ ಅದೃಷ್ಟ ಎಂದವರು, ಎರಡನೆಯ ವರ್ಷ ಮಳೆಯೇ ಕಡಿಮೆಯಾಗಿತ್ತು ಎಂದವರು, ಈಗ ತಮಗೂ ಅಂಥದ್ದೊಂದು ಮಾಡಿಸಿಕೊಡಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಬರೆದಿಡುವುದು ಮೇಲೆಂದು ಕುಳಿತಿದ್ದೇನೆ.

ನಮ್ಮಲ್ಲಿ ದಿನಕ್ಕೆ ನೂರರಿಂದ ನೂರಾಹತ್ತು ಊಟ ಹೋಗುತ್ತವೆ. ಅದರ ಜೊತೆಗೆ ವಾರಕ್ಕೆ ಇಪ್ಪತ್ತು ಕಿಲೋದಷ್ಟು ಶೇಂಗಾ, ಗುರೆಳ್ಳು ಮತ್ತು ಅಗಸಿ ಚಟ್ನಿಪುಡಿ ಮಾಡಿ ಹುಬ್ಬಳ್ಳಿಯ ಮೂರು ಅಂಗಡಿಗಳಿಗೆ ಕೊಡುತ್ತೇವೆ. ಎಲ್ಲ ಸೇರಿ ವಾರಕ್ಕೆ ಆರೇಳು ಕಿಲೋ ಉಪ್ಪು ಬೇಕು. ಪಲ್ಯಕ್ಕೋ ಸಾರಿಗೋ ಉಪ್ಪು ಸ್ವಲ್ಪ ಹಸಿಯಾಗಿದ್ದರೆ ನಡೆದೀತು, ಚಟ್ನಿಪುಡಿಗೆ ನಡೆಯುವುದಿಲ್ಲ. ಪಸೆಯಾದ ಉಪ್ಪು ಬಿದ್ದ ಶೇಂಗಾಪುಡಿ ನಾಲ್ಕೇ ದಿನದಲ್ಲಿ ಮುದ್ದೆಗಟ್ಟಿ, ಎಂಟನೆಯ ದಿನಕ್ಕೆ ಮುಗ್ಗಲು ವಾಸನೆ ಹೊಡೆಯುತ್ತದೆ. ಉಪ್ಪಿನ ಪಾತ್ರೆಯ ಬೆನ್ನು ಹತ್ತಲು ನನಗೆ ಇದ್ದ ಕಾರಣ ಇದೇ.

ಮೊದಲು ಇದ್ದದ್ದು ಸ್ಟೀಲ್ ಡಬ್ಬಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ತಳದಲ್ಲಿ ಸೂಜಿಯಿಂದ ಚುಚ್ಚಿದಂಥ ಕಂದು ಚುಕ್ಕೆಗಳು ಎದ್ದವು. ಇನ್ನೂ ದಪ್ಪನೆಯದು, ತುಕ್ಕು ಹಿಡಿಯುವುದೇ ಇಲ್ಲ ಎಂದು ಅಂಗಡಿಯವರು ಕೊಟ್ಟ ಇನ್ನೊಂದಕ್ಕೆ ಐನೂರರ ಮೇಲೆ ಕೊಟ್ಟಿದ್ದೆ. ಅದು ಒಂದು ಮಳೆಗಾಲ ಹೆಚ್ಚಿಗೆ ಬಾಳಿತು, ಅಷ್ಟೆ. ಆಮೇಲೆ ಪ್ಲಾಸ್ಟಿಕ್ ಬಂತು, ಪ್ಲಾಸ್ಟಿಕ್ಕಿನ ಹಿಂದೆ ರಬ್ಬರಿನ ಸುತ್ತು ಇರುವ, ನಾಲ್ಕು ಕಡೆ ಕೊಂಡಿ ಹಾಕುವ ಏರ್‌ಟೈಟ್ ಡಬ್ಬಿ ಬಂತು. ಅದರ ಬೆಲೆ ಸಾವಿರದ ಹತ್ತಿರವಿತ್ತು. ಗಾಜಿನ ಭರಣಿ ಉಪ್ಪಿಗೆ ಒಳ್ಳೆಯದೇ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಒಂದು ದಿನ ಬೆಳಿಗ್ಗೆ ಕೈಜಾರಿ ಅದು ಒಡೆದಾಗ ಚೂರುಗಳು ಪಕ್ಕದಲ್ಲಿ ನಾದಿಟ್ಟಿದ್ದ ಜೋಳದ ಹಿಟ್ಟಿನ ಪರಾತಕ್ಕೂ ಸಿಡಿದವು. ನಾಲ್ಕು ಕಿಲೋ ಉಪ್ಪು ಮತ್ತು ಆರು ಕಿಲೋ ಹಿಟ್ಟು ಎರಡನ್ನೂ ಚೆಲ್ಲಿದೆವು, ಅಂದು ಮಧ್ಯಾಹ್ನದ ಊಟ ಒಂದು ತಾಸು ತಡವಾಯಿತು. ಅಂದಿನಿಂದ ಒಲೆಯ ಕೋಣೆಯೊಳಗೆ ಗಾಜು ಬರುವುದಿಲ್ಲ.

ಉಪ್ಪಿನಲ್ಲಿ ಅಕ್ಕಿಕಾಳು ಹಾಕುವ ಉಪಾಯ ಎಲ್ಲರಿಗೂ ಗೊತ್ತು, ನಾನೂ ಹಾಕಿದ್ದೆ. ಅದರಲ್ಲಿ ಒಂದೆರಡು ಕಾಳು ಚಟ್ನಿಪುಡಿಗೆ ಸೇರಿ ಗಿರಾಕಿಯೊಬ್ಬರ ಹಲ್ಲಿಗೆ ಸಿಕ್ಕವು. ಅವರು ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಬಂದರು. ಅವರ ಹಣ ಮರಳಿ ಕೊಟ್ಟು ಕ್ಷಮೆ ಕೇಳಿದ ಮೇಲೆ ಬಿಡಿಕಾಳು ಹಾಕುವುದನ್ನು ಬಿಟ್ಟೆ.

ದೊಡ್ಡ ಪೆಟ್ಟು ಬಿದ್ದದ್ದು 2019ರ ಆಗಸ್ಟಿನಲ್ಲಿ. ಆ ಮಳೆಯನ್ನು ಉತ್ತರ ಕರ್ನಾಟಕದವರು ಯಾರೂ ಮರೆತಿರಲಾರರು. ಏರ್‌ಟೈಟ್ ಡಬ್ಬಿಯ ಉಪ್ಪನ್ನೇ ನಂಬಿ ಮಾಡಿದ ಮೂವತ್ತು ಮೂವತ್ತೈದು ಕಿಲೋ ಶೇಂಗಾಪುಡಿ ಅಂಗಡಿಗಳಿಂದ ಮರಳಿ ಬಂತು. ನೆನಪಿನ ಲೆಕ್ಕದಲ್ಲಿ ಎಂಟೊಂಬತ್ತು ಸಾವಿರ ರೂಪಾಯಿ ಹೋಯಿತು, ಒಂದು ಅಂಗಡಿಯವರಂತೂ ಆರು ತಿಂಗಳು ನಮ್ಮ ಮಾಲು ಇಡಲಿಲ್ಲ. ಅಂದು ರಾತ್ರಿ ಕೆಲಸ ಮುಗಿದ ಮೇಲೆ ಆ ಡಬ್ಬಿಯನ್ನು ದೀಪದ ಕೆಳಗೆ ಹಿಡಿದು ಮುಚ್ಚಳ ಮಗುಚಿ ನೋಡಿದೆ. ಮುಚ್ಚಳದ ಒಳಮೈ ತುಂಬ ಸಾಸಿವೆ ಗಾತ್ರದ ಹನಿಗಳಿದ್ದವು. ನೋಡುತ್ತಿದ್ದಂತೆಯೇ ಎರಡು ಹನಿ ಕೂಡಿಕೊಂಡು ಜಾರಿ ಉಪ್ಪಿನ ಮೇಲೆ ಬಿದ್ದವು, ಬಿದ್ದಲ್ಲಿ ಪುಟ್ಟ ಕುಳಿಯಾಯಿತು.

ಆ ಕುಳಿಯನ್ನು ಕಂಡ ಮೇಲೆ ನನ್ನ ಯೋಚನೆಯೇ ಬದಲಾಯಿತು. ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ದಿನಕ್ಕೆ ಐದಾರು ಸಲ ತೆರೆದರೆ ನಮ್ಮಲ್ಲಿ ನಲವತ್ತು ಸಲ ತೆರೆಯುತ್ತೇವೆ, ಅದೂ ಅನ್ನದ ಬೋಗುಣಿ ಕುದಿಯುತ್ತಿರುವಾಗ, ಸಾರಿನ ಉಗಿ ಏಳುತ್ತಿರುವಾಗ. ತೆರೆದಷ್ಟು ಸಲ ಒಳಹೊಕ್ಕ ಬಿಸಿ ಉಗಿಯನ್ನು ಬಿಗಿಯಾದ ಮುಚ್ಚಳ ಹೊರಗೆ ಬಿಡದೆ ರಾತ್ರಿ ತಣ್ಣಗಾದಾಗ ನೀರಾಗಿಸಿ ಅದೇ ಉಪ್ಪಿನ ಮೇಲೆ ಸುರಿಯುತ್ತದೆ. ಮುಚ್ಚಳ ಬಿಗಿಯಾದಷ್ಟೂ ಉಪ್ಪು ಒಣಗಿರುತ್ತದೆ ಎಂಬ ಮಾತು ತೆರೆಯದೆ ಇಟ್ಟ ದಾಸ್ತಾನಿಗೆ ಮಾತ್ರ ಸರಿ. ದಿನಬಳಕೆಯ ಉಪ್ಪಿಗೆ ಉಸಿರಾಡುವ ಪಾತ್ರೆ ಬೇಕು, ದಾಸ್ತಾನಿನ ಉಪ್ಪಿಗೆ ಉಸಿರು ಕಟ್ಟಿದ ಪಾತ್ರೆ ಬೇಕು. ಒಂದೇ ಡಬ್ಬಿಯಿಂದ ಎರಡೂ ಕೆಲಸ ಮಾಡಿಸಲು ಹೋಗಿ ನಾನು ಅಷ್ಟು ವರ್ಷ ಕೆಟ್ಟೆ.

ಆರುನೂರು ರೂಪಾಯಿ ಕೊಟ್ಟು ಗಾಳಿಯ ತೇವ ತೋರಿಸುವ ಮುಳ್ಳಿನ ಮೀಟರೊಂದನ್ನು ತಂದೆ. ಗಾಳಿಯ ತೇವಾಂಶ ಶೇ. 75ರ ಆಸುಪಾಸು ದಾಟಿದರೆ ಶುದ್ಧ ಉಪ್ಪು ಕೂಡ ನೀರು ಹೀರಿ ಕರಗತೊಡಗುತ್ತದೆ; ನನಗೆ ಬೇಕಿದ್ದದ್ದು ಆ ಗೆರೆಯ ಕೆಳಗಿರುವ ಜಾಗ. ಆಗಸ್ಟಿನಲ್ಲಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಮುಳ್ಳು 88ರ ಹತ್ತಿರ ನಿಂತಿತು, ಕಿಟಕಿಯ ಬಳಿ ಅದಕ್ಕಿಂತ ಹೆಚ್ಚು. ಮನೆಯೆಲ್ಲ ಹುಡುಕಿದ ಮೇಲೆ 65ರ ಸುತ್ತ ತೋರಿಸಿದ ಒಂದೇ ಜಾಗ ಸಿಕ್ಕಿತು: ರೊಟ್ಟಿ ಒಲೆಯ ಹಿಂದಿನ ಗೋಡೆಯ ಆಚೆ ಮಗ್ಗುಲು, ಅಂದರೆ ಉಗ್ರಾಣದ ಒಳಗೋಡೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಹಂಚು ಕಾಯುವುದರಿಂದ ಆ ಗೋಡೆ ಸಂಜೆಯವರೆಗೂ ಬೆಚ್ಚಗಿರುತ್ತದೆ, ಉಗಿ ಮಾತ್ರ ಅಲ್ಲಿಗೆ ಬರುವುದಿಲ್ಲ. ಅಲ್ಲಿ ಹಲಗೆ ಹೊಡೆಸಿ ಹತ್ತು ಕಿಲೋ ಹಿಡಿಯುವ ಎರಡು ಚೀನಿಮಣ್ಣಿನ ಭರಣಿ ಇಟ್ಟೆ. ಉಪ್ಪಿನಕಾಯಿಗೆ ಇಡುತ್ತೇವಲ್ಲ, ಒಳಗೂ ಹೊರಗೂ ಮೆರುಗು ಇರುವಂಥವು. ಬಾಯಿಯ ಹತ್ತಿರ ಸಣ್ಣ ಓರೆಯಿದ್ದುದರಿಂದ ಎರಡೂ ಸೇರಿ ಒಂಬೈನೂರಕ್ಕೆ ಸಿಕ್ಕವು. ಕೊಳ್ಳುವಾಗ ಒಳಗೆ ಕೈಯಾಡಿಸಿ ಮೆರುಗು ಎಲ್ಲಿಯೂ ಬಿಟ್ಟಿಲ್ಲವೆಂದು ನೋಡಿಕೊಳ್ಳಬೇಕು, ಬಿಟ್ಟಲ್ಲಿ ಉಪ್ಪು ಒಳಹೊಕ್ಕು ಸಿಪ್ಪೆ ಏಳಿಸುತ್ತದೆ. ಬಾಯಿಗೆ ಎರಡು ಪದರಿನ ಬಟ್ಟೆ ಬಿಗಿದು ಅದರ ಮೇಲೆ ಮುಚ್ಚಳ ಇಡುತ್ತೇವೆ. ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ತೆರೆಯುವುದಿಲ್ಲ.

ಇನ್ನು ಮರಿಗೆಯ ಮಾತು. ನಮ್ಮ ಅತ್ತೆಯವರ ತವರು ಶಿರಸಿ ಕಡೆ. ಧಾರವಾಡದ ಮಳೆಯೇನು ಮಳೆ ಎನ್ನುವ ಆ ಊರಿನಲ್ಲಿ ಉಪ್ಪನ್ನು ಕಟ್ಟಿಗೆಯ ಮರಿಗೆಯಲ್ಲಿಯೇ ಇಡುತ್ತಿದ್ದರು ಎಂದು ಅವರು ಎಷ್ಟೋ ಸಲ ಹೇಳಿದ್ದರೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಕಟ್ಟಿಗೆ ಹಗಲಿನ ಉಗಿಯನ್ನು ತಾನು ಕುಡಿದು ರಾತ್ರಿ ಬಿಡುತ್ತದೆ, ಅದರ ಒಳಮೈಯಲ್ಲಿ ಹನಿ ಕೂಡುವುದಿಲ್ಲ. ಆದರೆ ನಮ್ಮ ಬಡಿಗೇರರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. “ಅಕ್ಕಾರ, ಕಟ್ಟಿಗಿ ಡಬ್ಬ್ಯಾಗ ಉಪ್ಪ ಇಟ್ರ ಬೂಸ್ಟ ಬರತೈತ್ರಿ, ರೊಕ್ಕ ಸುಮ್ನ ಹಾಳಮಾಡ್ಕೋಬ್ಯಾಡ್ರಿ” ಎಂದರು. ನಮ್ಮ ಯಜಮಾನರೂ ಅವರ ಕಡೆಗೇ ನಿಂತರು.

ಬೂಷ್ಟು ಬರಲಿಲ್ಲ, ಉಪ್ಪಿನೊಳಗೆ ಅದಕ್ಕೆ ಬದುಕಿಲ್ಲ. ಕೆಟ್ಟದ್ದು ಬೇರೆ ಕಡೆ. ಮೊದಲನೆಯ ಮರಿಗೆಯನ್ನು ಬೇವಿನ ಹಲಗೆಯಿಂದ ಮಾಡಿಸಿದ್ದೆ, ಹುಳ ಹಿಡಿಯದು ಎಂಬ ಆಸೆಯಿಂದ. ತಿಂಗಳೊಳಗೆ ಉಪ್ಪಿಗೆ ಕಹಿ ಹತ್ತಿ ಮಜ್ಜಿಗೆಯಲ್ಲಿ ಗೊತ್ತಾಗತೊಡಗಿತು. ಎರಡನೆಯದು ಸಾಗವಾನಿ, ನೋಡಲು ಬಲು ಚೆಂದ, ಕೂಲಿ ಸೇರಿ ಸಾವಿರದ ಆರುನೂರು ಬಿತ್ತು. ಅದಕ್ಕೆ ಹೊಡೆದ ಕಬ್ಬಿಣದ ಮೊಳೆಗಳು ಒಂದೇ ಮಳೆಗಾಲದಲ್ಲಿ ತುಕ್ಕು ಬಿಟ್ಟು ಮೂಲೆಗಳ ಉಪ್ಪೆಲ್ಲ ಚಹಾ ಬಣ್ಣಕ್ಕೆ ತಿರುಗಿತು, ಮುಚ್ಚಳದ ಹಿತ್ತಾಳೆ ಬಿಜಾಗರಿಗೆ ಹಸಿರು ಕಿಲುಬು ಹತ್ತಿತು. ಕಿಲುಬು ಕಂಡ ದಿನವೇ ಆ ಉಪ್ಪನ್ನೆಲ್ಲ ಚೆಲ್ಲಿದೆ. ಮೂರನೆಯದೇ ಈಗಿರುವುದು. ಹಲಸಿನ ಒಂದೇ ತುಂಡನ್ನು ಕೊರೆದು ಮಾಡಿದ್ದು, ಮೊಳೆಯಿಲ್ಲ, ಅಂಟಿಲ್ಲ, ಬಿಜಾಗರಿಯಿಲ್ಲ. ಮುಚ್ಚಳವೂ ಹಲಸಿನದೇ, ಒಂದು ಬೆರಳು ದಪ್ಪ. ತನ್ನ ಭಾರದಿಂದ ಕೂರುತ್ತದೆ, ಬಿಗಿಯುವುದಿಲ್ಲ. ಗೋಡೆಯ ದಪ್ಪ ಮುಕ್ಕಾಲು ಇಂಚಿಗಿಂತ ಕಡಿಮೆಯಾದರೆ ಸೀಳುತ್ತದೆ ಎಂಬುದನ್ನು ನಾಲ್ಕುನೂರು ರೂಪಾಯಿಯ ತುಂಡೊಂದನ್ನು ಕಳೆದುಕೊಂಡು ಕಲಿತೆ. ಹೊಸ ಮರಿಗೆಗೆ ಉಪ್ಪು ತುಂಬುವ ಮೊದಲು ಒಳಮೈಯನ್ನು ಒಂಬತ್ತು ದಿನ ಹದ ಮಾಡುತ್ತೇನೆ. ಯಾವುದರಿಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಅತ್ತೆಯವರು ನನಗೊಬ್ಬಳಿಗೇ ಹೇಳಿಕೊಟ್ಟದ್ದು. ಮೊದಲ ಎರಡು ಮರಿಗೆಗಳಿಗೆ ಅದನ್ನು ಮಾಡಿರಲಿಲ್ಲ.

ಅಳತೆಯ ವಿಷಯದಲ್ಲಿ ಆಸೆಪಡಬಾರದು. ನನ್ನ ಮರಿಗೆ ಒಂದೂಕಾಲು ಕಿಲೋ ಹಿಡಿಯುತ್ತದೆ, ಎರಡು ದಿನಕ್ಕೆ ಖಾಲಿಯಾಗುತ್ತದೆ. ಮೂರು ಕಿಲೋದ ದೊಡ್ಡ ಮರಿಗೆಯೊಂದನ್ನು ಒಂದು ತಿಂಗಳು ನಡೆಸಿ ನೋಡಿದೆ, ಐದನೆಯ ದಿನದ ಹೊತ್ತಿಗೆ ಅದರ ತಳದ ಉಪ್ಪು ಹೆಪ್ಪುಗಟ್ಟುತ್ತಿತ್ತು. ಒಳಗೆ ಕಟ್ಟಿಗೆಯ ಚಮಚ ಮಾತ್ರ ಇರಬೇಕು, ಹಸಿ ಕೈ ಹಾಕಿದವರು ಯಾರೇ ಆದರೂ ನಾನು ಸುಮ್ಮನಿರುವುದಿಲ್ಲ.

ನಡುವೆ ಮಾಡಿ ನೋಡಿದ್ದು ಇನ್ನೂ ಎರಡು ಮೂರು ಇವೆ. ಖಾನಾಪುರದ ಮಣ್ಣಿನ ಗಡಿಗೆ ತಂದು ಮೆರುಗಿಲ್ಲದ ಅದರಲ್ಲಿ ಉಪ್ಪು ತುಂಬಿಟ್ಟೆ. ಒಂದೂವರೆ ತಿಂಗಳಲ್ಲಿ ಹೊರಮೈ ಮೇಲೆ ಬಿಳಿ ಹೂ ಅರಳಿ, ಬೆರಳಿನಿಂದ ಮುಟ್ಟಿದರೆ ಮಣ್ಣು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಿಂದ ಪರಿಚಯದವರು ತಂದುಕೊಟ್ಟ ನಾಲ್ಕು ಕಿಲೋ ಹರಳುಪ್ಪನ್ನೂ ಇಟ್ಟು ನೋಡಿದೆ. ಗದ್ದೆಯಿಂದ ನೇರ ಬಂದ ಉಪ್ಪಿನಲ್ಲಿ ಮೆಗ್ನೀಸಿಯಮ್ ಲವಣ ಉಳಿದಿರುತ್ತದೆ, ಅದು ಬೇಸಿಗೆಯ ಗಾಳಿಯಿಂದಲೂ ನೀರು ಹೀರುತ್ತದೆ. ಅದಕ್ಕೆ ಮರಿಗೆಯೂ ಸಾಲದು, ಭರಣಿಯೂ ಸಾಲದು. ಬಿದಿರಿನ ಬುಟ್ಟಿಯಲ್ಲಿ ಹಾಕಿ ಕೆಳಗೆ ಬೋಗುಣಿ ಇಟ್ಟಾಗ ಹದಿನೈದು ದಿನದಲ್ಲಿ ಒಂದು ಲೋಟದಷ್ಟು ಕಹಿನೀರು ಇಳಿಯಿತು, ಉಳಿದ ಉಪ್ಪು ಆಮೇಲೆ ಚೆನ್ನಾಗಿಯೇ ನಿಂತಿತು. ಉಪ್ಪನ್ನು ಬಾಣಲೆಯಲ್ಲಿ ಹುರಿದು ತುಂಬುವುದನ್ನು ಮಾತ್ರ ಬಿಟ್ಟಿದ್ದೇನೆ. ಪೊಟ್ಟಣದ ಉಪ್ಪಿನಲ್ಲಿರುವ ಅಯೋಡಿನ್ ಬಿಸಿಗೂ ತೇವಕ್ಕೂ ಕಡಿಮೆಯಾಗುತ್ತದೆ, ನೂರು ಜನರಿಗೆ ಬಡಿಸುವ ಉಪ್ಪಿನಲ್ಲಿ ಅದನ್ನು ಕಳೆಯಲು ನನಗೆ ಮನಸ್ಸಿಲ್ಲ.

ಈ ವ್ಯವಸ್ಥೆ ಎಲ್ಲರಿಗೂ ಬೇಕಿಲ್ಲ. ಗದಗಿನ ನನ್ನ ತಂಗಿ ಸಾದಾ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ವರ್ಷವಿಡೀ ಇಡುತ್ತಾಳೆ, ಅಲ್ಲಿಯ ಒಣ ಹವೆಗೆ ಅದು ನಡೆಯುತ್ತದೆ. ಹಾನಗಲ್ಲಿನ ಕಡೆಯವರಿಗಾದರೆ ಭರಣಿ ಮತ್ತು ಮರಿಗೆ ಎರಡನ್ನೂ ಮಾಡಿಕೊಳ್ಳಿರಿ ಎಂದೇ ಹೇಳುತ್ತೇನೆ. ಎರಡೂ ಸೇರಿ ಈಗ ನನಗೆ ಬಿದ್ದ ಖರ್ಚು ಎರಡೂವರೆ ಸಾವಿರದ ಒಳಗೆ, ಕೆಟ್ಟುಹೋದವುಗಳ ಲೆಕ್ಕ ಹಿಡಿದರೆ ಅದರ ಏಳೆಂಟು ಪಟ್ಟು. ಮೂರು ವರ್ಷದಿಂದ ಒಂದು ಪೊಟ್ಟಣ ಶೇಂಗಾಪುಡಿಯೂ ಮರಳಿ ಬಂದಿಲ್ಲ. ಬೇಡ ಎಂದ ಬಡಿಗೇರರು ಹೋದ ತಿಂಗಳು ಬಂದು ಮರಿಗೆಯ ತಳ ತಟ್ಟಿ ನೋಡಿ, ತಮ್ಮ ಮನೆಗೂ ಒಂದು ಕೊರೆಯಲು ಅಳತೆ ಬರೆದುಕೊಂಡು ಹೋದರು.

ಮರಿಗೆಯನ್ನು ನೀರಿನಿಂದ ತೊಳೆಯಬಾರದು. ಯುಗಾದಿಯ ಮುಂಚೆ ಒಮ್ಮೆ, ಮಳೆ ಹಿಡಿಯುವ ಮುಂಚೆ ರೋಹಿಣಿಯ ಬಿಸಿಲಿನಲ್ಲಿ ಒಮ್ಮೆ, ಖಾಲಿ ಮಾಡಿ ಒಣ ಬಟ್ಟೆಯಿಂದ ಒರೆಸಿ, ಒಂದು ಹಗಲು ನೆರಳಿನಲ್ಲಿ ಮತ್ತು ಎರಡು ತಾಸು ಬಿಸಿಲಿನಲ್ಲಿ ಬೋರಲು ಹಾಕುತ್ತೇನೆ. ಮೊದಲೇ ಬಿಸಿಲಿಗೆ ಇಟ್ಟರೆ ಹಲಸು ಬಿರಿಯುತ್ತದೆ.