ಹೋಟೆಲಿನವರು ಕಾರ್ಡಿನಿಂದ ಎಳೆದ 8,260 ರೂಪಾಯಿ ವಾಪಸ್ ಪಡೆದ ಕಥೆ

2025ರ ಫೆಬ್ರವರಿ 3, ಸೋಮವಾರ. ಬೆಳಗಾವಿ ಉದ್ಯಮಬಾಗದ ನಮ್ಮ ಶೆಡ್‌ನಲ್ಲಿ ಮಷೀನ್ ಮೇಲೆ ಹೊಸ ಜಾಬ್ ಸೆಟ್ ಮಾಡುತ್ತಿದ್ದೆ. ಮೊಬೈಲ್ ಟಣ್ ಅಂತು. ಕ್ರೆಡಿಟ್ ಕಾರ್ಡಿನಿಂದ 8,260 ರೂಪಾಯಿ ಖರ್ಚಾಗಿದೆ ಅಂತ ಮೆಸೇಜ್. ಕೈಗೆ ಕೂಲಂಟ್ ಮೆತ್ತಿತ್ತು, ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಎಂಟು ದಿನದ ಹಿಂದೆ ರೂಮ್ ಖಾಲಿ ಮಾಡಿ ಬಂದಿದ್ದ ಬೆಂಗಳೂರಿನ ಹೋಟೆಲಿನ ಹೆಸರು. ಓಟಿಪಿ ಬಂದಿಲ್ಲ, ಫೋನ್ ಬಂದಿಲ್ಲ, ಒಂದು ಇಮೇಲೂ ಇಲ್ಲ.

ನಡೆದದ್ದು ಇಷ್ಟು. ಜನವರಿ ಕೊನೆಗೆ ತುಮಕೂರು ರಸ್ತೆಯಲ್ಲಿ ಮಷೀನ್ ಟೂಲ್ ಪ್ರದರ್ಶನ ಇತ್ತು. ನಾನು, ನನ್ನ ಮಾಮಾ ಇಬ್ಬರೂ ರಾಣಿ ಚನ್ನಮ್ಮ ರೈಲು ಹತ್ತಿ ಹೋಗಿದ್ದೆವು. ಶೆಡ್ ನಮ್ಮಿಬ್ಬರದ್ದೇ, ಹೈಡ್ರಾಲಿಕ್ ವಾಲ್ವ್‌ಗಳ ಬಾಡಿ ಮಷೀನಿಂಗ್ ಮಾಡುತ್ತೇವೆ. ದಿನಕ್ಕೆ 4,800 ರೂಮು, ಮೇಲೆ ಆಗಿನ 12 ಪರ್ಸೆಂಟ್ ಜಿಎಸ್‌ಟಿ, ಎರಡು ರಾತ್ರಿಗೆ 10,752. ಒಳಗೆ ಬರುವಾಗಲೇ ರಿಸೆಪ್ಷನ್ ಹುಡುಗ ಕಾರ್ಡ್ ಕೇಳಿದ. 15,000 ಬ್ಲಾಕ್ ಮಾಡ್ತೀವಿ ಸರ್, ಕಟ್ ಆಗಲ್ಲ, ಹೋಗುವಾಗ ಬಿಡ್ತೀವಿ ಅಂದ. ಪಿನ್ ಒತ್ತಿದೆ. ಹೊರಡುವಾಗ ಬಿಲ್ಲನ್ನು ಶೆಡ್‌ನ ಖಾತೆಯಿಂದ ಯುಪಿಐ ಮಾಡಿದೆ. ಬಾಕಿ ಸೊನ್ನೆ ಅಂತ ಪ್ರಿಂಟ್ ಆದ ಬಿಲ್ ಕೊಟ್ಟರು. ಮಾಮಾ ಆ ಹುಡುಗನಿಗೆ ಕುಂದಾ ಡಬ್ಬಿ ಬೇರೆ ಕೊಟ್ಟು ಬಂದಿದ್ದ!

ನಾನು ಮಾಡಿದ ತಪ್ಪು ಆ ಕೌಂಟರ್ ಮುಂದೆಯೇ ಆಗಿತ್ತು. ಬ್ಲಾಕ್ ಬಿಟ್ಟಿದ್ದಕ್ಕೆ ಸ್ಲಿಪ್ ಕೇಳಲಿಲ್ಲ. ಬ್ಲಾಕ್ ಅಂದರೆ ಪ್ರೀ-ಆಥರೈಸೇಶನ್. ದುಡ್ಡು ನಿಮ್ಮ ಕಾರ್ಡಿನಲ್ಲೇ ಇರುತ್ತದೆ, ಆದರೆ ಅವರಿಗಾಗಿ ಕಟ್ಟಿಟ್ಟ ಹಾಗೆ. ನೀವು ಪಿನ್ ಒಮ್ಮೆ ಕೊಟ್ಟಾಗಿದೆ. ಅದನ್ನು ರದ್ದು ಮಾಡದೆ ಬಿಟ್ಟರೆ, ಆ ಮೊತ್ತದೊಳಗೆ ಎಷ್ಟು ಬೇಕೋ ಅಷ್ಟು ಆಮೇಲೆ ಎಳೆದುಕೊಳ್ಳಬಹುದು. ಹೊಸ ಓಟಿಪಿ ಬೇಕಾಗಿಲ್ಲ. ಇದು ನನಗೆ ಅವತ್ತೇ ಗೊತ್ತಾಗಿದ್ದು.

ಹೋಟೆಲಿಗೆ ಫೋನ್ ಮಾಡಿದೆ. ಮೂರು ಜನ ಬದಲಾದ ಮೇಲೆ ಒಬ್ಬರು ಹೇಳಿದರು: ರಜಾಯಿಗೆ ಆಯಿಲ್ ಕಲೆ ಆಗಿದೆ, ಬದಲಿಸಬೇಕಾಯಿತು, 7,000, ಪ್ಲಸ್ ಜಿಎಸ್‌ಟಿ. ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಬಿಳಿ ಬಟ್ಟೆ, ನಡುವೆ ಅಂಗೈ ಅಗಲದ ಕಪ್ಪು ಮಚ್ಚೆ. ರೂಮ್ ನಂಬರ್ ಇಲ್ಲ, ಮಂಚ ಕಾಣಲ್ಲ, ಗೋಡೆ ಕಾಣಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಬ್ಯಾಗಿನಲ್ಲಿ ಸ್ಯಾಂಪಲ್ ಪೀಸ್ ಇದ್ದವು. ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಹಚ್ಚಿ ಪೇಪರ್ ಸುತ್ತಿದ್ದೆವು. ರಾತ್ರಿ ಮಾಮಾ ಅವನ್ನು ಹೊರಗೆ ತೆಗೆದು ನೋಡಿದ್ದ. ಕೇಳಿದೆ, "ಹಾಸಿಗಿ ಮ್ಯಾಲ ಇಟ್ಟಿದ್ದೇನು ಮಾಮಾ?" "ಏ ಇಲ್ಲೋ, ಟೇಬಲ್ ಮ್ಯಾಲ ಇಟ್ಟಿದ್ನಿ" ಅಂದ. ಸ್ವಲ್ಪ ತಡೆದು, "ಇಟ್ಟಿರಲಿಕ್ಕಿಲ್ಲ" ಅಂದ. ಆ ಎರಡನೇ ಮಾತು ಕೇಳಿ ನನ್ನ ಜೋರು ಅರ್ಧ ಇಳಿಯಿತು.

ಹಾಗಾಗಿ "ನಾವು ಮಾಡೇ ಇಲ್ಲ" ಅಂತ ನಾನು ಎಲ್ಲೂ ಬರೆಯಲಿಲ್ಲ. ಈಗ ನೋಡಿದರೆ ಅದೇ ಒಳ್ಳೇದಾಯ್ತು. ಮಾಡಿಲ್ಲ ಅಂತ ಸಾಬೀತು ಮಾಡೋದು ಹೇಗೆ ಹೇಳಿ? ನಮ್ಮ ಧಂದೆಯಲ್ಲಿ ಪಾರ್ಟಿ ಮಾಲು ರಿಜೆಕ್ಟ್ ಮಾಡಿ ಡೆಬಿಟ್ ನೋಟ್, ಅಂದರೆ ದುಡ್ಡು ಕಡಿಯುವ ಚೀಟಿ, ಹಾಕಿದರೆ ಜೊತೆಗೆ ಇನ್‌ಸ್ಪೆಕ್ಷನ್ ರಿಪೋರ್ಟ್ ಬರಬೇಕು. ಯಾವ ಲಾಟು, ಎಷ್ಟು ಪೀಸು, ಡ್ರಾಯಿಂಗ್‌ನಲ್ಲಿ ಎಷ್ಟಿದೆ, ಅಳೆದಾಗ ಎಷ್ಟು ಬಂತು, ತಿದ್ದಿದರೆ ಸರಿ ಹೋಗುತ್ತೋ ಇಲ್ಲ ಪೂರ್ತಿ ಸ್ಕ್ರ್ಯಾಪೋ. ಇದ್ಯಾವುದೂ ಇಲ್ಲದೆ ಸುಮ್ನೆ ದುಡ್ಡು ಕಡಿದರೆ ನಾವು ಒಪ್ಪೋದಿಲ್ಲ. ಮಾಲು ಕೆಟ್ಟಿದ್ದರೂ ಒಪ್ಪೋದಿಲ್ಲ, ಕಾಗದ ತೋರಿಸಿ ಅಂತೀವಿ. ಹೋಟೆಲಿಗೂ ಅದೇ ದಾರಿ ಹಿಡಿದೆ.

ಅವತ್ತೇ ಸಂಜೆ ಇಮೇಲ್ ಹಾಕಿದೆ. ಫೋನಿನ ಮಾತಿಗೆ ಸಾಕ್ಷಿ ಇರಲ್ಲ, ಆದ್ದರಿಂದ ಇಮೇಲ್ ಆಗಲೇಬೇಕು. ಕಲೆ ಯಾವ ದಿನ, ಎಷ್ಟು ಹೊತ್ತಿಗೆ ಕಂಡಿತು, ರೂಮ್ ಕ್ಲೀನ್ ಮಾಡಿದವರ ಅವತ್ತಿನ ಎಂಟ್ರಿ ಎಲ್ಲಿ, ನಾವು ಕೌಂಟರ್‌ನಲ್ಲೇ ನಿಂತಿದ್ದಾಗ ಯಾಕೆ ಹೇಳಲಿಲ್ಲ, ರಜಾಯಿ ಎಷ್ಟು ವರ್ಷ ಹಳೇದು, ಲಾಂಡ್ರಿಗೆ ಕಳಿಸಿದ್ದಿರಾ, ಹೊಸದು ತಂದ ಬಿಲ್ ಎಲ್ಲಿ ಅಂತ ಕೇಳಿದೆ. ಫೋಟೋವನ್ನು ಮೂಲ ಫೈಲ್ ಆಗಿ ಇಮೇಲಿಗೇ ಕಳಿಸಿ ಅಂತಲೂ ಬರೆದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ತೆಗೆದ ದಿನಾಂಕ, ಸಮಯದ ಮಾಹಿತಿ ಅಳಿಸಿ ಹೋಗುತ್ತದೆ. ಮೂಲ ಫೈಲಿನಲ್ಲಿ ಅದು ಇರುತ್ತದೆ. ಆ ಫೈಲ್ ಇವತ್ತಿನವರೆಗೂ ಬಂದಿಲ್ಲ. ಕೊನೇ ಸಾಲು: ಈ ಮೊತ್ತಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ.

ಮರುದಿನ ಬ್ಯಾಂಕಿಗೆ ಫೋನ್. ಅಲ್ಲಿನ ಹುಡುಗಿ ಮೊದಲೇ ಕೇಳಿದ್ದು, "ಸರ್, ಫ್ರಾಡ್ ಅಂತ ಹಾಕ್ಲಾ? ಕಾರ್ಡ್ ಬ್ಲಾಕ್ ಮಾಡ್ಲಾ?" ಹೂಂ ಅನ್ನಬೇಕು ಅನಿಸುತ್ತದೆ, ಸಿಟ್ಟು ಇರುತ್ತಲ್ವಾ. ಅನ್ನಬೇಡಿ. ಫ್ರಾಡ್ ಅಂದರೆ ಕಾರ್ಡ್ ಹೋಗುತ್ತದೆ, ಹೊಸದು ಬರುವವರೆಗೆ ಕಾಯಬೇಕು. ಆಮೇಲೆ ಅವರು ತೆಗೆದು ನೋಡಿದರೆ ಚಿಪ್ ಕಾರ್ಡು, ನೀವೇ ಒತ್ತಿದ ಪಿನ್ನು. ಫ್ರಾಡ್ ಅಲ್ಲ ಅಂತ ಅಲ್ಲಿಗೇ ಮುಚ್ಚಿಬಿಡುವ ಸಾಧ್ಯತೆ ಜಾಸ್ತಿ. ನಾನು ಹೇಳಿದ್ದು ಇದು: ಹೋಟೆಲ್ ಗೊತ್ತು, ಪಿನ್ ನಾನೇ ಕೊಟ್ಟೆ, ಆದರೆ ಈ ಮೊತ್ತಕ್ಕೆ ಒಪ್ಪಿಲ್ಲ, ವ್ಯಾಪಾರಿಯ ಜೊತೆಗಿನ ತಕರಾರು ಅಂತ ದಾಖಲಿಸಿ. ಅವಳು ಡಿಸ್ಪ್ಯೂಟ್ ಫಾರ್ಮ್ ಕಳಿಸಿದಳು. ತುಂಬಿ, ಸೊನ್ನೆ ಬಾಕಿಯ ಬಿಲ್ಲು, ಯುಪಿಐ ರಸೀದಿ, ನನ್ನ ಇಮೇಲ್, ಅವರ ಆ ಮಚ್ಚೆ ಫೋಟೋ ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕಳಿಸಿದೆ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಇಂಥ ಬಹುತೇಕ ತಕರಾರಿಗೆ 120 ದಿನ ಟೈಮ್ ಇರುತ್ತದೆ, ಆದರೂ ಮೊದಲ ವಾರದಲ್ಲೇ ಹಾಕಿಬಿಡಿ. ಎಲ್ಲ ನೆನಪಿರುತ್ತದೆ, ಕಾಗದ ಕೈಗೆ ಸಿಗುತ್ತದೆ.

ಫೆಬ್ರವರಿ 13ಕ್ಕೆ 8,260 ತಾತ್ಕಾಲಿಕ ಕ್ರೆಡಿಟ್ ಬಂತು. ಮಾಮಾ "ಮುಗೀತಲ್ಲ" ಅಂದ. ಮುಗಿದಿರಲಿಲ್ಲ. ತಾತ್ಕಾಲಿಕ ಅಂದರೆ ತಾತ್ಕಾಲಿಕವೇ. ಮಾರ್ಚ್ 11ಕ್ಕೆ ಆ ಕ್ರೆಡಿಟ್ ವಾಪಸ್ ಕಿತ್ತುಕೊಂಡರು. ಹೋಟೆಲ್ ಉತ್ತರ ಕೊಟ್ಟಿದೆ, ಕೇಸ್ ಕ್ಲೋಸ್ ಅಂತ ಎರಡು ಸಾಲಿನ ಮೇಲ್.

ಏನು ಉತ್ತರ ಕೊಟ್ಟಿದ್ದಾರೆ ತೋರಿಸಿ ಅಂದೆ. ಇದು ನಮ್ಮ ಹಕ್ಕು. ಆರ್‌ಬಿಐನ ಆಗ ಜಾರಿಯಲ್ಲಿದ್ದ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲಿ ಸ್ಪಷ್ಟವಾಗಿತ್ತು: ಗ್ರಾಹಕ ಬಿಲ್ಲಿಗೆ ತಕರಾರು ತೆಗೆದರೆ ಬ್ಯಾಂಕು ವಿವರಣೆ ಕೊಡಬೇಕು, ಅಗತ್ಯವಿದ್ದಲ್ಲಿ ದಾಖಲೆಯನ್ನೂ ಕೊಡಬೇಕು, ಹೆಚ್ಚೆಂದರೆ 30 ದಿನದೊಳಗೆ. ಈ ಒಂದು ಸಾಲು ಮೇಲ್‌ನಲ್ಲಿ ಹಾಕಿದ್ದಕ್ಕೆ ಎರಡೇ ದಿನದಲ್ಲಿ ಕಾಗದ ಬಂತು. ಅದೇ ಫೋಟೋ. ಜೊತೆಗೆ ಚೆಕ್-ಇನ್ ವೇಳೆ ನಾನು ಸಹಿ ಮಾಡಿದ ರಿಜಿಸ್ಟ್ರೇಶನ್ ಕಾರ್ಡು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಹಾನಿಯಾದರೆ ವಸೂಲಿ ಮಾಡಲಾಗುವುದು ಅಂತ ಬರೆದಿತ್ತು. ಮೊತ್ತ ಇಲ್ಲ, ದರಪಟ್ಟಿ ಇಲ್ಲ.

ಇದಕ್ಕೆ ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಬರೆದೆ, ಕಸ್ಟಮರ್ ಕೇರ್‌ಗೆ ಅಲ್ಲ. ಆ ಸಹಿ ಹಾನಿ ಆಗುವ ಮುಂಚಿನದು. ಹಾನಿ ಇಂಥದ್ದು, ದರ ಇಷ್ಟು ಅಂತ ತಿಳಿದ ಮೇಲೆ ನಾನು ಒಪ್ಪಿದ ಒಂದು ಕಾಗದ ತೋರಿಸಿ. ಚೆಕ್-ಔಟ್ ದಿನ ಅವರೇ ಬಾಕಿ ಇಲ್ಲ ಅಂತ ಬಿಲ್ ಕೊಟ್ಟಿದ್ದಾರೆ, ನನ್ನ ಇಮೇಲಿಗೆ ಉತ್ತರವಿಲ್ಲ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತಲೂ ಸೇರಿಸಿದೆ. ಅದಕ್ಕೆ ಸಿಎಂಎಸ್ ಅಂತ ಆರ್‌ಬಿಐನದೇ ದೂರಿನ ವೆಬ್‌ಸೈಟ್ ಇದೆ, ಫೀ ಇಲ್ಲ. ಆದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿರಬೇಕು, ನೇರ ಅಲ್ಲಿಗೇ ಹೋದರೆ ತಗೊಳ್ಳಲ್ಲ.

ನಡುವೆ ಕಾರ್ಡಿನ ಬಿಲ್ ಬಂತು, 8,260 ಅದರಲ್ಲೇ ಇತ್ತು. ಪೂರ್ತಿ ಕಟ್ಟಿದೆ. ಜಗಳ ಬೇರೆ, ಬಿಲ್ ಬೇರೆ. ಪೂರ್ತಿ ಕಟ್ಟದೆ ಉಳಿಸಿಕೊಂಡು ಹಟ ಮಾಡಿದರೆ ಬಡ್ಡಿ ಬೀಳುತ್ತದೆ, ಮೇಲಿಂದ ಸಿಬಿಲ್ ಚಿಂತೆ. ಶೆಡ್‌ಗೆ ಲೋನ್ ಬೇಕಾದಾಗ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ರಜಾಯಿ ಕಥೆ ಹೇಳೋಕಾಗುತ್ತಾ?

ಅಸಲಿಗೆ ಕೆಲಸ ಮಾಡಿದ್ದು ಬೇರೆಯೇ. ಮಾರ್ಚ್ ಕೊನೆಗೆ ಲೆಕ್ಕ ಮುಗಿಸಲು ಟಿಳಕವಾಡಿಯಲ್ಲಿರುವ ನಮ್ಮ ಸಿಎ ಹತ್ತಿರ ಹೋಗಿದ್ದೆ. ಮಾತಿಗೆ ಮಾತು ಬಂದು ಇದನ್ನು ಹೇಳಿದೆ. ಅವರು ನಗಲಿಲ್ಲ, "1,260 ಯಾವುದರ ಜಿಎಸ್‌ಟಿ ರೀ ಅದು?" ಅಂದರು. 2022ರ ಆಗಸ್ಟ್ 3ರ ಜಿಎಸ್‌ಟಿ ಸುತ್ತೋಲೆ, ನಂಬರ್ 178, ತೆಗೆದು ತೋರಿಸಿದರು. ಆಸ್ತಿಗೆ ಆದ ಹಾನಿಗೆ ಪರಿಹಾರ ಅಂತ ತಗೊಂಡ ದುಡ್ಡು ಯಾವುದೋ ಸೇವೆಗೆ ಕೊಟ್ಟ ಬೆಲೆ ಅಲ್ಲ, ಅದರ ಮೇಲೆ ತೆರಿಗೆ ಬರಲ್ಲ ಅನ್ನೋದು ಅದರ ಸಾರ. ಪರಿಹಾರ ಅಂದರೆ 18 ಪರ್ಸೆಂಟ್ ಯಾಕೆ? ಮಾರಾಟ ಅಂದರೆ ಟ್ಯಾಕ್ಸ್ ಇನ್‌ವಾಯ್ಸ್ ಎಲ್ಲಿ, ರಜಾಯಿ ಎಲ್ಲಿ?

ಅವತ್ತು ರಾತ್ರಿಯೇ ಹೋಟೆಲಿನ ಅಕೌಂಟ್ಸ್ ವಿಭಾಗಕ್ಕೆ ಮೇಲ್ ಹಾಕಿದೆ. ಬಹಳ ಮರ್ಯಾದೆಯಿಂದ. 1,260 ಜಿಎಸ್‌ಟಿ ತಗೊಂಡಿದ್ದೀರಿ, ನಮ್ಮ ಶೆಡ್‌ನ ಜಿಎಸ್‌ಟಿ ನಂಬರ್ ಚೆಕ್-ಇನ್‌ನಲ್ಲೇ ಕೊಟ್ಟಿದ್ದೇನೆ, ದಯವಿಟ್ಟು ಟ್ಯಾಕ್ಸ್ ಇನ್‌ವಾಯ್ಸ್ ಕಳಿಸಿ. ಮಾರಾಟ ಅಂತ ತೋರಿಸುವುದಾದರೆ ರಜಾಯಿಯನ್ನೂ ಕಳಿಸಿ, ಸಾಗಣೆ ಖರ್ಚು ನನ್ನದು.

ಎರಡು ತಿಂಗಳು ಫೋನ್ ಎತ್ತದವರು ಮೂರನೇ ದಿನಕ್ಕೆ ತಾವೇ ಫೋನ್ ಮಾಡಿದರು. ಸರ್, ಗುಡ್‌ವಿಲ್ ಅಂತ ಅರ್ಧ ಕೊಡ್ತೀವಿ. ನಾನು ಸ್ವಲ್ಪ ಯೋಚಿಸಿದೆ, ಸುಳ್ಳು ಹೇಳಲ್ಲ. ಮಾಮಾನ "ಇಟ್ಟಿರಲಿಕ್ಕಿಲ್ಲ" ನೆನಪಾಯಿತು. ಲಾಂಡ್ರಿ ಬಿಲ್ ತೋರಿಸಿ, ಅದಷ್ಟೂ ಕೊಡ್ತೀನಿ ಅಂದೆ. ಅದು ಅವರ ಹತ್ತಿರ ಇರಲಿಲ್ಲ. ಒಗೆಯೋಕೇ ಕಳಿಸಿರಲಿಲ್ಲ ಅಂತ ಕಾಣುತ್ತದೆ.

ಏಪ್ರಿಲ್ 9ಕ್ಕೆ ಕಾರ್ಡಿಗೆ ವಾಪಸ್ ಬಂತು. 8,260 ಅಲ್ಲ, 7,000. ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಾಗಿದೆ ಸರ್, ನಮ್ಮ ಕೈಯಲ್ಲಿಲ್ಲ ಅಂತ ಸಬೂಬು. ನಮಗೇ ಹೇಳ್ತಾರಲ್ಲ ಇದನ್ನ! ನಾವು ತಿಂಗಳಿಗೆ ನಾಲ್ಕು ಕ್ರೆಡಿಟ್ ನೋಟ್, ಅಂದರೆ ಹಾಕಿದ ಬಿಲ್ಲನ್ನು ಕಡಿಮೆ ಮಾಡುವ ಚೀಟಿ, ಹಾಕೋರು. ಕ್ರೆಡಿಟ್ ನೋಟ್ ಹಾಕಿ, ಮುಂದಿನ ರಿಟರ್ನ್‌ನಲ್ಲಿ ಕಡಿಮೆ ಮಾಡಿಕೊಳ್ಳಿ, ನಂದು ನಂಗೆ ಕೊಡಿ ಅಂತ ಬರೆದೆ. ಬ್ಯಾಂಕಿಗೂ ತಿಳಿಸಿದೆ: 7,000 ಬಂದಿದೆ, ಈಗ ತಕರಾರು 1,260ಕ್ಕೆ ಮಾತ್ರ. ಇದನ್ನು ಮುಚ್ಚಿಡಬೇಡಿ. ಹೋಟೆಲಿನಿಂದಲೂ ಬ್ಯಾಂಕಿನಿಂದಲೂ ಎರಡು ಸಲ ದುಡ್ಡು ಬಂದರೆ ಒಂದನ್ನು ಹೇಗೂ ಕಿತ್ತುಕೊಳ್ಳುತ್ತಾರೆ, ಆಗ ನಿಮ್ಮ ಮಾತಿನ ತೂಕವೂ ಹೋಗುತ್ತದೆ.

ಉಳಿದ 1,260 ಏಪ್ರಿಲ್ 29ಕ್ಕೆ ಬಂತು, ಹೋಟೆಲಿನ ಹೆಸರಿನಲ್ಲೇ. ಓಂಬುಡ್ಸ್‌ಮನ್ ತನಕ ಹೋಗಬೇಕಾಗಲಿಲ್ಲ. ಅದೂ ಆಗದಿದ್ದರೆ ಇಲ್ಲೇ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಹಾಕಬೇಕು ಅಂತಿದ್ದೆ. 2019ರ ಕಾಯ್ದೆ ಪ್ರಕಾರ ನಾವು ಇರುವ ಊರಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಶೆಡ್ ಖರ್ಚಲ್ಲಿ ಬಿಲ್ ಮಾಡಿದ್ದಕ್ಕೆ ನೀವು ಗ್ರಾಹಕರೇ ಅಲ್ಲ ಅಂತ ವಾದ ಎತ್ತಬಹುದು ಅಂತ ಸಿಎ ಎಚ್ಚರಿಸಿದ್ದರು. ಅದೊಂದು ಬೇರೆ ತಲೆನೋವು ಆಗುತ್ತಿತ್ತು.

ಆಮೇಲೆ ಜೂನ್‌ನಲ್ಲಿ ಪುಣೆಗೆ ಹೋಗಿದ್ದೆವು, ಮತ್ತೆ ಹೋಟೆಲು, ಮತ್ತೆ ಬ್ಲಾಕು. ಹೊರಡುವಾಗ ರದ್ದಾದ ಸ್ಲಿಪ್ ಕೈಗೆ ಬರುವವರೆಗೆ ನಾನು ಕೌಂಟರ್ ಬಿಡಲಿಲ್ಲ, ಕ್ಯಾಬ್‌ನವನು ಎರಡು ಸಲ ಹಾರ್ನ್ ಹೊಡೆದ. ಹಿಂದಿನ ರಾತ್ರಿ ಮಾಮಾ ಟೇಬಲ್ ಮೇಲೆ ಪೇಪರ್ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ವಾಲ್ವ್ ಬಾಡಿ ಇಟ್ಟು, ನನ್ನ ಕಡೆ ತಿರುಗಿ "ಫೋಟೋ ಹೊಡಿ" ಅಂದ. ಹಾಸಿಗೆಯೂ ಕಾಣುವ ಹಾಗೆ ಹೊಡೆದೆ.