ಬರೆ ಕುಸಿದರೆ ಇಂಗ್ಲಿಷಿನಲ್ಲಿ ಏನನ್ನಬೇಕು?

2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ವಾರ. ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಊರವರ ಜೊತೆ ಕೈಜೋಡಿಸಿದ್ದೆ. ಹೊರಗಿನಿಂದ ಬಂದ ಇಂಗ್ಲಿಷ್ ವರದಿಗಾರರೊಬ್ಬರು, ಪದವಿ ಓದುತ್ತಿದ್ದ ಹುಡುಗನೊಬ್ಬನನ್ನು ಏನಾಯಿತೆಂದು ಕೇಳಿದರು. ಅದಕ್ಕೆ ಸ್ವಲ್ಪ ಮೊದಲು ಅವನು ನನಗೆ ಕನ್ನಡದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದ. ಮೊದಲು ಅಂಗಳದಲ್ಲಿ ನೆಲ ಬಿರುಕು ಬಿಟ್ಟಿತು. ಆಮೇಲೆ ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದು ನಿಲ್ಲಿಸಿದ ಕಡಿದಾದ ಮಗ್ಗುಲು, ಕುಸಿಯಿತು. ರಾತ್ರಿ ಮೇಲಿನ ಗುಡ್ಡವೇ ಜಾರಿ ತೋಟವನ್ನು ತಂದು ಗದ್ದೆಗೆ ಹಾಕಿತು. ಕೊಲ್ಲಿ, ಅಂದರೆ ಗುಡ್ಡದಿಂದಿಳಿಯುವ ತೊರೆ, ದಾರಿ ಬದಲಿಸಿತು. ವರದಿಗಾರರ ಮುಂದೆ ಅವನ ಬಾಯಿಂದ ಬಂದದ್ದು ಎರಡೇ ಪದ: 'ಮಡ್ ಕೇಮ್'.

ಹತ್ತಾರು ವರ್ಷ ಇಂಗ್ಲಿಷ್ ಪಾಠ ಕೇಳಿದ ಹುಡುಗ ಅವನು. ಡ್ಯಾಫೊಡಿಲ್ ಹೂವಿನ ಹೆಸರು ಗೊತ್ತಿತ್ತು. ತನ್ನ ಮನೆಯ ಹಿಂದಿನ ಬರೆಗೆ ಏನನ್ನುತ್ತಾರೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅವನು ಹೇಳಿದ ಪ್ರತಿ ಮಾತಿಗೂ ಇಂಗ್ಲಿಷಿನಲ್ಲಿ ಪದವಿದೆ. ನೆಲ ಬಿರುಕು ಬಿಟ್ಟಿತು ಅಂದರೆ 'ದ ಗ್ರೌಂಡ್ ಕ್ರ್ಯಾಕ್ಡ್'. ಮನೆ ಕಟ್ಟಲು, ರಸ್ತೆ ಮಾಡಲು ಗುಡ್ಡ ಕಡಿದು ನಿಲ್ಲಿಸಿದ ಬರೆ 'ಕಟ್ ಸ್ಲೋಪ್'. ಅದು ಕುಸಿದರೆ 'ಕೊಲ್ಯಾಪ್ಸ್ಡ್'. ಗುಡ್ಡವೇ ಜಾರಿ ಬಂದರೆ 'ಲ್ಯಾಂಡ್‌ಸ್ಲೈಡ್'. ನೆಲ ಜಾರದೆ ಇದ್ದಲ್ಲೇ ಕೆಳಗೆ ಕೂತರೆ 'ಸಬ್ಸಿಡೆನ್ಸ್'. ಕೊಚ್ಚಿ ಬಂದ ಕಲ್ಲು, ಮಣ್ಣು, ಮರದ ರಾಶಿ 'ಡೆಬ್ರಿ'. ಬರೆಯುವಾಗ ಕೊನೆಗೊಂದು ಎಸ್ ಇದೆ, ಹೇಳುವಾಗ ಅದಿಲ್ಲ. ಮಳೆ ವರ್ಷವರ್ಷವೂ ಮೇಲ್ಮಣ್ಣನ್ನು ಚೂರುಚೂರೇ ತೊಳೆದುಕೊಂಡು ಹೋಗುವುದು 'ಇರೋಷನ್'. ಅದಕ್ಕೂ ಲ್ಯಾಂಡ್‌ಸ್ಲೈಡ್‌ಗೂ ಗಂಟು ಹಾಕಬಾರದು.

ಅಂದಿನಿಂದ ಪರಿಸರದ, ಕೃಷಿಯ ಇಂಗ್ಲಿಷನ್ನು ನಮ್ಮೂರಿನ ಮಕ್ಕಳಿಗೆ ಬೇರೆ ಕ್ರಮದಲ್ಲಿ ಹೇಳಿಕೊಡುತ್ತಿದ್ದೇನೆ. ಹವಾಮಾನ ವರದಿ, ವಿಮೆಯ ಕಾಗದ ಓದಬೇಕಾದ ತೋಟದವರಿಗೂ ಅದು ಒಗ್ಗಿದೆ.

ಮೊದಲು ಕನ್ನಡ ಬರೆಯಿರಿ

ಒಂದು ನೋಟ್‌ಪುಸ್ತಕ ಹಿಡಿದು ಕಣದಿಂದ ಹೊರಟು ತೋಟದ ಮೂಲಕ ಗದ್ದೆಗೆ, ಅಲ್ಲಿಂದ ಕೊಲ್ಲಿಯವರೆಗೆ ನಡೆಯಿರಿ. ಕಂಡದ್ದನ್ನೆಲ್ಲ ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಕನ್ನಡವೋ ಕೊಡವ ತಕ್ಕೋ ಅರೆಭಾಷೆಯೋ, ಯಾವುದಾದರೂ ಸರಿ. ಇಂಗ್ಲಿಷ್ ಪಟ್ಟಿಯಿಂದ ಶುರು ಮಾಡಿದರೆ ಐಸ್‌ಬರ್ಗ್, ಪ್ರೇರಿ ಮೊದಲು ಬರುತ್ತವೆ, ತೊಟ್ಟಿಲು ಗುಂಡಿ ಎಂದಿಗೂ ಬರುವುದಿಲ್ಲ. ನಮ್ಮ ತೋಟದ ಸಾಲುಗಳ ನಡುವೆ ನೀರಿಂಗಲು ತೆಗೆಯುವ ಆ ಗುಂಡಿಗೆ ಇಂಗ್ಲಿಷಿನಲ್ಲೂ 'ಕ್ರೇಡಲ್ ಪಿಟ್' ಎಂದೇ ಹೆಸರು. ನೆರಳಿನ ಮರ 'ಶೇಡ್ ಟ್ರೀ'. ಆನೆ ಕಂದಕ 'ಎಲಿಫೆಂಟ್ ಪ್ರೂಫ್ ಟ್ರೆಂಚ್'. ದೇವರಕಾಡು 'ಸೇಕ್ರೆಡ್ ಗ್ರೋವ್'; ಕೊಡಗಿನಲ್ಲಿ ಅಂಥವು 1,200ಕ್ಕೂ ಹೆಚ್ಚು ದಾಖಲಾಗಿವೆ, ಪರಿಸರದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಮಗು ಅಲ್ಲಿಂದಲೇ ಶುರು ಮಾಡಬಹುದು.

ಕೆಲವು ಪದಗಳನ್ನು ಅನುವಾದಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಣೆ ಅಂಥದ್ದು. ಗದ್ದೆಗೆ ಅಂಟಿಕೊಂಡು ಬಂದ, ಸೊಪ್ಪು ಸೌದೆ ಮೇವಿಗೆಂದು ಬಿಟ್ಟ ಮೇಲುಜಾಗಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲ. ದಾಖಲೆಗಳಲ್ಲಿ ಅದನ್ನು ಬಿ-ಎ-ಎನ್-ಇ ಎಂದು ಬರೆಯುತ್ತಾರೆ. ಆದರೆ ಅದೇ ಅಕ್ಷರಗಳ ಇಂಗ್ಲಿಷ್ ಪದವೊಂದಿದೆ; 'ಬೇನ್' ಎಂದು ಓದುತ್ತಾರೆ, ಅರ್ಥ ಹಾಳುಗೆಡಹುವಂಥದ್ದು ಎಂದು. ಹಾಗಾಗಿ ಹೊರಗಿನವರಿಗೆ ಬರೆಯುವಾಗ ಬಾಣೆ ಎಂಬುದನ್ನು ಹಾಗೇ ಇಟ್ಟು, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಕೊಡಿ.

ಒಂದು ಕನ್ನಡ ಪದ ಒಡೆಯುವ ಜಾಗ

ನಮ್ಮವರು ಹೆಚ್ಚು ಎಡವುವುದು ಇಲ್ಲಿ, ಆದ್ದರಿಂದ ಹೆಚ್ಚು ಹೊತ್ತು ಕೊಡಬೇಕಾದ್ದೂ ಇಲ್ಲೇ. ಕನ್ನಡದಲ್ಲಿ ಒಂದೇ ಆಗಿರುವ ಪದ ಇಂಗ್ಲಿಷಿಗೆ ಹೋದಾಗ ನಾಲ್ಕಾಗಿ ಒಡೆಯುತ್ತದೆ.

ಮಣ್ಣನ್ನೇ ತೆಗೆದುಕೊಳ್ಳಿ. ಗಿಡ ಬೇರು ಬಿಡುವ ಮಣ್ಣು 'ಸಾಯಿಲ್'. ಮಳೆಗೆ ನೆನೆದು ಕಾಲಿಗೆ ಮೆತ್ತುವುದು 'ಮಡ್'. ಮಡಕೆ ಮಾಡುವ ಜೇಡಿ 'ಕ್ಲೇ'. ಹೊಳೆ ಹೊತ್ತು ತಂದು ಬಿಟ್ಟ ನುಣುಪು ಮಣ್ಣು 'ಸಿಲ್ಟ್'. ಹಾರಂಗಿ ಜಲಾಶಯದಲ್ಲಿ ತುಂಬಿಕೊಂಡಿರುವುದು ಅದು, ತೆಗೆಯುವ ಕೆಲಸಕ್ಕೆ 'ಡೀಸಿಲ್ಟಿಂಗ್' ಎನ್ನುತ್ತಾರೆ. 'ಮೈ ಮಡ್ ಈಸ್ ಗುಡ್ ಫಾರ್ ಪೆಪ್ಪರ್' ಎಂದರೆ ಕೇಳಿದವರಿಗೆ ಕೆಸರು ಕಾಣುತ್ತದೆ, ತೋಟ ಕಾಣುವುದಿಲ್ಲ.

ಮದ್ದು ಹೊಡೆಯುವುದನ್ನು 'ಮೆಡಿಸಿನ್ ಸ್ಪ್ರೇ' ಎನ್ನುವುದು ಇನ್ನೊಂದು. ಮೆಡಿಸಿನ್ ಮನುಷ್ಯರಿಗೆ, ದನಕರುಗಳಿಗೆ. ಎಲೆ ತುಕ್ಕು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ 'ಫಂಗಿಸೈಡ್'. ಹುಳಕ್ಕೆ ಹೊಡೆಯುವುದು 'ಇನ್ಸೆಕ್ಟಿಸೈಡ್'. ಕಳೆಗೆ ಹೊಡೆಯುವುದು 'ಹರ್ಬಿಸೈಡ್'. ಕೊನೆಯ 'ಸೈಡ್' ಎಂಬ ತುಂಡಿನ ಅರ್ಥವೇ ಕೊಲ್ಲುವುದು ಎಂದು. ಇದು ಬರೀ ಭಾಷೆಯ ವಿಷಯವಲ್ಲ. ಡಬ್ಬಿಯ ಮೇಲಿನ ಇಂಗ್ಲಿಷ್ ಓದಲಾಗದೆ ಒಂದರ ಬದಲು ಇನ್ನೊಂದನ್ನು ಹೊಡೆದು ಎಳೆಗಿಡಗಳು ಸುಟ್ಟುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಆ ಲೇಬಲ್ಲುಗಳನ್ನೇ ಪಾಠ ಮಾಡಿ.

ಗೊಬ್ಬರವೂ ಹಾಗೆಯೇ. ಕೊಟ್ಟಿಗೆಯದು 'ಮ್ಯಾನ್ಯೂರ್', ಎಲೆ ತರಗು ಕೊಳೆಸಿದ್ದು 'ಕಾಂಪೋಸ್ಟ್', ಚೀಲದಲ್ಲಿ ಬರುವ ಯೂರಿಯ, ಪೊಟ್ಯಾಷ್ 'ಫರ್ಟಿಲೈಸರ್'. ಗದ್ದೆ ಕೆಲಸದಲ್ಲಿ ಬೀಜ ಬಿತ್ತುವುದು 'ಸೋ', ಸಸಿಮಡಿ ಕಿತ್ತು ನಾಟಿ ಮಾಡುವುದು 'ಟ್ರಾನ್ಸ್‌ಪ್ಲಾಂಟ್'. ಹುತ್ತರಿ ಸುಗ್ಗಿ ಹಬ್ಬಕ್ಕೆ ಮನೆ ತುಂಬಿಸುವ ಕದಿರಿನ ಒಂದು ತೆನೆ 'ಇಯರ್', ಕಟ್ಟಿದ ಕಂತೆ 'ಶೀಫ್'. ಬಡಿಯುವುದು 'ಥ್ರೆಷ್', ತೂರುವುದು 'ವಿನ್ನೋ'. ಕಾಫಿ ಕುಯ್ಯುವುದು ಮಾತ್ರ 'ಪಿಕ್'.

ಇನ್ನು ಕಸಿ. ಮಾವಿಗೆ, ಕಾಳುಮೆಣಸಿಗೆ ಕಸಿ ಕಟ್ಟುವುದು 'ಗ್ರಾಫ್ಟ್'. ಕುಯ್ಲು ಮುಗಿದ ಮೇಲೆ ಕಾಫಿಗೆ ಮಾಡುವ ಗಿಡಕಸಿ 'ಪ್ರೂನ್'. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಇಳಿಸುವುದು 'ಲಾಪ್'. ಮರವನ್ನೇ ಬುಡಕ್ಕೆ ಕಡಿದರೆ 'ಫೆಲ್'. ಕನ್ನಡದಲ್ಲಿ ಮೂರಕ್ಕೂ ಕಸಿ ಸಾಕು, ಏಕೆಂದರೆ ಕೇಳುವವನಿಗೆ ತೋಟ ಗೊತ್ತಿದೆ. ಲಾಪ್ ಎಂದು ಬರೆಯಬೇಕಾದಲ್ಲಿ ಫೆಲ್ ಎಂದು ಬರೆದರೆ ಓದುವ ಅಧಿಕಾರಿಗೆ ಅದು ಬೇರೆಯೇ ಕೆಲಸ.

ತೋಟದ ಇಂಗ್ಲಿಷ್, ಹೊರಗಿನ ಇಂಗ್ಲಿಷ್

ಕಾಫಿಯ ಮಾತು ಬಂದಾಗ ನಮಗೆ ಇಂಗ್ಲಿಷ್ ಚೆನ್ನಾಗಿಯೇ ಗೊತ್ತು ಅನಿಸುತ್ತದೆ. ದರದ ಪಟ್ಟಿಯಲ್ಲಿ ಅರೇಬಿಕ ಪಾರ್ಚ್‌ಮೆಂಟ್, ಅರೇಬಿಕ ಚೆರ್ರಿ, ರೊಬಸ್ಟ ಪಾರ್ಚ್‌ಮೆಂಟ್, ರೊಬಸ್ಟ ಚೆರ್ರಿ, ಎಲ್ಲವೂ 50 ಕಿಲೋ ಚೀಲಕ್ಕೆ. ಇಲ್ಲಿ ಚೆರ್ರಿ ಎಂದರೆ ಕಣದಲ್ಲಿ ಸಿಪ್ಪೆಸಮೇತ ಒಣಗಿಸಿದ ಕಾಫಿ. ಬೇರೆ ದೇಶದವರ ಬಾಯಲ್ಲಿ ಚೆರ್ರಿ ಎಂದರೆ ಗಿಡದಲ್ಲಿರುವ ಕೆಂಪು ಹಣ್ಣು. ಹೊರಗಿನ ಖರೀದಿದಾರರಿಗೆ ಬರೆಯುವಾಗ 'ಡ್ರೈ ಚೆರ್ರಿ', 'ರೈಪ್ ಚೆರ್ರಿ' ಎಂದು ಬಿಡಿಸಿ ಬರೆದರೆ ಗೊಂದಲ ತಪ್ಪುತ್ತದೆ. ಹಣ್ಣಿನ ಮೇಲುಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಿ, ತೊಳೆದು, ಒಳಸಿಪ್ಪೆಯೊಂದಿಗೆ ಒಣಗಿಸಿದ್ದು ಪಾರ್ಚ್‌ಮೆಂಟ್. ಎಲ್ಲರೂ ಓಟಿ ಎಂದು ಕರೆಯುವುದು 'ಔಟ್‌ಟರ್ನ್', ಅಂದರೆ ಒಂದು ಚೀಲ ಕಾಫಿಯನ್ನು ಹಲ್ಲಿಂಗ್ ಮಾಡಿ ಒಣಸಿಪ್ಪೆ ತೆಗೆದಾಗ ಕೈಗೆ ಸಿಗುವ ಬೀಜದ ತೂಕ. ಈ ಪದ ಬಳಸುವ ಹತ್ತು ಜನರಲ್ಲಿ ಅದರ ಪೂರ್ಣರೂಪ ಹೇಳುವವರು ಕಡಿಮೆ; ಕೇಳಿ ನೋಡಿ.

ಮಳೆಯ ಲೆಕ್ಕವೂ ಇದೇ ರೀತಿ. ನಾವು ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ಐವತ್ತು ಸೆಂಟು ಎಂದರೆ ಅರ್ಧ ಇಂಚು. ಹೊರಗಿನವರಿಗೆ ಸೆಂಟು ಎಂದರೆ ಜಾಗ ಅಥವಾ ದುಡ್ಡು. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್. ಇಲಾಖೆಯ ವರದಿಯಲ್ಲಿ 'ಹೆವಿ' ಎಂಬುದು ಸುಮ್ಮನೆ ಜೋರು ಮಳೆ ಎಂದಲ್ಲ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ 'ಹೆವಿ', 115.6ರಿಂದ 'ವೆರಿ ಹೆವಿ', 204.5 ಮುಟ್ಟಿದರೆ 'ಎಕ್ಸ್‌ಟ್ರೀಮ್ಲಿ ಹೆವಿ'. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಈ ಮೂರು ಪದಗಳನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ.

ಜೋಡಿಯಾಗಿ ಕಲಿಯಿರಿ

ಒಂಟಿ ಪದ ಕಲಿತರೆ ವಾಕ್ಯ ಕಟ್ಟುವಾಗ ಕನ್ನಡದ ಕ್ರಿಯಾಪದ ನುಸುಳುತ್ತದೆ. ಗೊಬ್ಬರ ಹಾಕು ಎಂಬುದು 'ಪುಟ್ ಫರ್ಟಿಲೈಸರ್' ಆಗುತ್ತದೆ. ಸರಿಯಾದ ಜೋಡಿ 'ಅಪ್ಲೈ ಫರ್ಟಿಲೈಸರ್'. ಗಿಡಕ್ಕೆ ನೀರು ಹಾಕುವುದು 'ವಾಟರ್ ದ ಪ್ಲಾಂಟ್ಸ್', ಅಲ್ಲಿ ನೀರೇ ಕ್ರಿಯಾಪದ. ಮಾಲಿನ್ಯ ಮಾಡುವುದು 'ಕಾಸ್ ಪೊಲ್ಯೂಷನ್'. ಕಾಫಿ ಹೂ ಬಿಡಿಸುವ ಹೂಮಳೆ 'ಬ್ಲಾಸಮ್ ಶವರ್ಸ್', ಹೂ ಅರಳಿದ ಮೇಲೆ ಬೇಕಾಗುವ ಎರಡನೇ ಮಳೆ 'ಬ್ಯಾಕಿಂಗ್ ಶವರ್ಸ್'. ಇವೆರಡನ್ನೂ ಬಿಡಿ ಪದಗಳಾಗಿ ಕಲಿತು ಪ್ರಯೋಜನವಿಲ್ಲ.

ಬಹುವಚನದ ಎಸ್ ಸೇರಿಸಬಾರದ ಕೆಲವು ಪದಗಳಿವೆ: ವೈಲ್ಡ್‌ಲೈಫ್, ಟಿಂಬರ್, ಪೊಲ್ಯೂಷನ್. ಅವುಗಳಲ್ಲಿ ಎಚ್ಚರ ಬೇಕಾದ್ದು 'ಡ್ಯಾಮೇಜ್'. ಆನೆ ನುಗ್ಗಿ ಬಾಳೆ, ಕಾಫಿ ತುಳಿದು ಹಾಕಿದರೆ ಅದು 'ಕ್ರಾಪ್ ಡ್ಯಾಮೇಜ್'. ಎಸ್ ಸೇರಿ 'ಡ್ಯಾಮೇಜಸ್' ಆದರೆ ನ್ಯಾಯಾಲಯ ಕೊಡಿಸುವ ಪರಿಹಾರದ ಹಣ. ಸರ್ಕಾರ ಕೊಡುವುದಕ್ಕೆ 'ಕಾಂಪೆನ್ಸೇಷನ್' ಎನ್ನಿ.

ಉದ್ದ ಪದವನ್ನು ಮುರಿದು ನೋಡಿ

'ಡಿಫಾರೆಸ್ಟೇಷನ್' ನೋಡಿ ಮಕ್ಕಳು ಹೆದರುತ್ತಾರೆ. ನಡುವಿನ ಫಾರೆಸ್ಟ್ ಕಂಡರೆ ಮುಗಿಯಿತು. ಮುಂದೆ ಡಿ ಇದ್ದರೆ ಕಾಡು ಹೋಯಿತು, ರೀ ಇದ್ದರೆ ಹೋದ ಕಾಡು ಮತ್ತೆ ಬಂತು, ಅಫಾರೆಸ್ಟೇಷನ್ ಆದರೆ ಕಾಡಿಲ್ಲದಲ್ಲಿ ಕಾಡು ಬೆಳೆಸಿದ್ದು. 'ಕಲ್ಚರ್' ಸೇರಿದ ಪದಗಳೂ ಹಾಗೆಯೇ: ಅಗ್ರಿ ಹೊಲ, ಹಾರ್ಟಿ ತೋಟ, ಸಿಲ್ವಿ ಕಾಡು, ಏಪಿ ಜೇನು. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಸಿಲ್ವಿಕಲ್ಚರ್ ಓದಿಸುತ್ತಾರೆ. ಭಾಗಮಂಡಲದ ಜೇನುಸಾಕಣೆ ಏಪಿಕಲ್ಚರ್.

ಡಿಫಾರೆಸ್ಟೇಷನ್ ಎಂಬ ಈ ಒಂದು ಪದ ಈಗ ನಮ್ಮ ಜೇಬಿಗೂ ತಾಗುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಅದರ ಭಾಷೆಯಲ್ಲಿ ಡಿಫಾರೆಸ್ಟೇಷನ್ ಎಂದರೆ ಕಾಡನ್ನು ಕೃಷಿಭೂಮಿ ಮಾಡುವುದು. ಮರಗಸಿ ಅದಲ್ಲ. ಯಾರಾದರೂ ನಮೂನೆ ಹಿಡಿದು ಬಂದಾಗ, ಮರ ಕಡಿಯುತ್ತೀರಾ ಎಂಬ ಪ್ರಶ್ನೆಗೆ ಹೌದು ಎಂದು ಸುಮ್ಮನಾಗದೆ, 'ವಿ ಲಾಪ್ ಶೇಡ್ ಟ್ರೀಸ್ ಎವ್ರಿ ಇಯರ್' ಎಂದು ಹೇಳಲು ಬರಬೇಕು. ಅದೇ ಕಾಗದಗಳಲ್ಲಿ 'ಜಿಯೋಲೊಕೇಷನ್' ಎಂದರೆ ಜಾಗದ ಅಕ್ಷಾಂಶ ರೇಖಾಂಶ, 'ಟ್ರೇಸಬಿಲಿಟಿ' ಎಂದರೆ ಕಾಫಿ ಯಾವ ತೋಟದ್ದೆಂದು ಹಿಂದಕ್ಕೆ ಹುಡುಕಿ ಹೇಳಲಾಗುವುದು.

ಹೊಳೆಯ ಜೊತೆ ಹೋಗಿ

ನೀರಿನ ಪದಗಳಿಗೆ ಕಾವೇರಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ತಲಕಾವೇರಿ 'ಸೋರ್ಸ್'. ಕನ್ನಿಕೆ, ಸುಜ್ಯೋತಿ ಬಂದು ಕೂಡುವ ಭಾಗಮಂಡಲ 'ಕಾನ್‌ಫ್ಲುಯೆನ್ಸ್'. ಹಾರಂಗಿ, ಲಕ್ಷ್ಮಣತೀರ್ಥ 'ಟ್ರಿಬ್ಯುಟರಿ'. ಸುತ್ತಲಿನ ಬೆಟ್ಟದ ಮಳೆನೀರು ಇಳಿದು ಸೇರುವ ಪ್ರದೇಶ 'ಕ್ಯಾಚ್‌ಮೆಂಟ್'. ನಮ್ಮ ಬೆಟ್ಟದ ಸಾಲಿನ ಒಂದು ಮಗ್ಗುಲಿನ ಮಳೆ ಕಾವೇರಿಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ಬರಪೊಳೆಯಂಥ ಹೊಳೆಗಳಲ್ಲಿ ಅರಬ್ಬಿ ಸಮುದ್ರಕ್ಕೆ. ಹೀಗೆ ನೀರನ್ನು ಎರಡು ಪಾಲು ಮಾಡುವ ಬೆಟ್ಟದ ನೆತ್ತಿಯ ಸಾಲಿಗೆ ಬ್ರಿಟಿಷ್ ಇಂಗ್ಲಿಷಿನಲ್ಲಿ 'ವಾಟರ್‌ಷೆಡ್'. ನಮ್ಮ ಸರ್ಕಾರಿ ಕಾಗದದಲ್ಲಿ ವಾಟರ್‌ಷೆಡ್ ಎಂದರೆ ಇಡೀ ಜಲಾನಯನ. ಎರಡೂ ಸರಿಯೇ, ಓದುವಾಗ ಯಾರು ಬರೆದದ್ದೆಂದು ನೋಡಿಕೊಳ್ಳಿ.

ಉಚ್ಚಾರದಲ್ಲಿ ತೊಡಕು ಕೊಡುವುದು ಓ-ಯು-ಜಿ-ಎಚ್. ಬರಗಾಲ 'ಡ್ರೌಟ್', ನೇಗಿಲು 'ಪ್ಲೌ'. ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಅಳುಕುವ ಮಕ್ಕಳಿಗೆ ನಾನು ಇನ್ನೊಂದು ಹೇಳುತ್ತೇನೆ. ಇಂಗ್ಲಿಷಿನವರ 'ಜಂಗಲ್' ನಮ್ಮ ಜಾಂಗಲದಿಂದ ಹೋದದ್ದು. 'ಟೀಕ್' ನಮ್ಮ ಕರಾವಳಿಯ ತೇಕು. 'ಜಾಕ್‌ಫ್ರೂಟ್' ಮಲಯಾಳದ ಚಕ್ಕ. ಪೋರ್ಚುಗೀಸರ ಹಡಗು ಹತ್ತಿ ಹೋದ ನಮ್ಮ ಕಡೆಯ ಅಡಕೆಯೇ 'ಅರೀಕ'. ಪದಗಳು ಆ ಕಡೆಗೂ ಹೋಗಿವೆ.

ದಿನಕ್ಕೆ ಮೂರು ಸಾಲು

ಕಲಿತದ್ದು ಉಳಿಯಬೇಕಾದರೆ ಬಳಸಬೇಕು. ಜೂನ್‌ನಲ್ಲಿ ಮುಂಗಾರು ಶುರುವಾದ ದಿನದಿಂದ ಮಳೆ ಡೈರಿ ಇಡಿ, ಆಗಸ್ಟ್ ನಡುವಿಗೆ ಮುಗಿಯುವ ಕಕ್ಕಡ ತಿಂಗಳು ಕಳೆಯುವವರೆಗಾದರೂ. ಹೆಚ್ಚಿನ ತೋಟಗಳಲ್ಲಿ ಮಳೆಮಾಪಕ ಇದ್ದೇ ಇದೆ. ಬೆಳಿಗ್ಗೆ ಅದನ್ನು ನೋಡಿ ಮೂರು ವಾಕ್ಯ ಬರೆಯಿರಿ: ಒಂದು ಮಳೆಗೆ, ಒಂದು ನೀರಿಗೆ, ಒಂದು ನೆಲಕ್ಕೆ. 'ವಿ ಹ್ಯಾಡ್ ಫಾರ್ಟಿ ಮಿಲಿಮೀಟರ್ಸ್ ಆಫ್ ರೇನ್.' 'ದ ಸ್ಟ್ರೀಮ್ ಈಸ್ ಕ್ಲಿಯರ್.' 'ದ ಸ್ಲೋಪ್ ಬಿಹೈಂಡ್ ದ ಹೌಸ್ ಈಸ್ ವೆಟ್ ಬಟ್ ಫರ್ಮ್.' ಮಕ್ಕಳು ಬರೆಯಲಿ, ದೊಡ್ಡವರು ನೆಲ ನೋಡಿ ಸರಿಯೇ ಎಂದು ಹೇಳಲಿ. ಕೊಲ್ಲಿಯ ನೀರು ಇದ್ದಕ್ಕಿದ್ದಂತೆ ಕೆಂಪಾಗಿ 'ಮಡ್ಡಿ' ಎಂದು ಬರೆಯಬೇಕಾಗಿ ಬಂದರೆ, ಬರೆಯ ಮೇಲೆ ಹೊಸ 'ಕ್ರ್ಯಾಕ್' ಕಂಡರೆ, ಡೈರಿ ಅಲ್ಲಿಗೆ ಬಿಟ್ಟು ಅಕ್ಕಪಕ್ಕದವರನ್ನು ಕೂಗಿ ಮನೆಯಿಂದ ಹೊರಡಿ. ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಹೇಳಿದರೆ ಸಾಕು.